ಲುವಾಂಗ್ ಪ್ರಬಾಂಗ್‌ನಲ್ಲಿ ಮೂರು ಬೆಳಗು: ಸಂತೆ ಮತ್ತು ಭಿಕ್ಷಾಟನೆಗೆ ಒಂದು ಸಮಗ್ರ ಮಾರ್ಗದರ್ಶಿ

ಉತ್ತರ ಲಾವೋಸ್‌ನಲ್ಲಿ ನಾಮ್ ಖಾನ್ ನದಿ ಮೆಕಾಂಗ್‌ಗೆ ಬಂದು ಸೇರುವ ಕಡೆ, ಎರಡು ನೀರಿನ ನಡುವೆ ನಾಲಗೆಯಂತೆ ಚಾಚಿಕೊಂಡ ನೆಲದ ಮೇಲೆ ಲುವಾಂಗ್ ಪ್ರಬಾಂಗ್ ಇದೆ. 1353ರಲ್ಲಿ ಫಾ ಙುಮ್ ಕಟ್ಟಿದ ಲಾನ್ ಸಾಂಗ್ ರಾಜ್ಯದ ರಾಜಧಾನಿ ಇದೇ ಆಗಿತ್ತು. ಹಳೆಯ ಊರು 1995ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂವತ್ತಕ್ಕೂ ಹೆಚ್ಚು ವಾಟ್‌ಗಳು, ಅಂದರೆ ಬೌದ್ಧ ವಿಹಾರಗಳು, ಇಲ್ಲಿವೆ. ದಿನವೂ ನಸುಕಿನಲ್ಲಿ ಅವುಗಳ ಬಾಗಿಲುಗಳಿಂದ ಭಿಕ್ಕುಗಳು ಬರಿಗಾಲಲ್ಲಿ ಸಾಲಾಗಿ ಹೊರಟು ಊರವರಿಂದ ಅನ್ನ ಸ್ವೀಕರಿಸುತ್ತಾರೆ. ಇದಕ್ಕೆ ಲಾವೊ ಭಾಷೆಯಲ್ಲಿ 'ತಾಕ್ ಬಾತ್' ಎಂದು ಹೆಸರು. 'ತಾಕ್' ಎಂದರೆ ತೋಡಿ ಹಾಕುವುದು. 'ಬಾತ್' ನಮಗೆ ಪರಿಚಿತವಾದ 'ಪಾತ್ರೆ'ಯೇ. ಬೌದ್ಧ ಗ್ರಂಥಗಳ ಭಾಷೆಯಾದ ಪಾಳಿಯ ದಾರಿಯಲ್ಲಿ ಅಲ್ಲಿಗೆ ಹೋಗಿ ತುಸು ಸವೆದಿದೆ.

ಹೆಚ್ಚಿನ ಪ್ರವಾಸಿಗರು ಇದಕ್ಕೆ ಒಂದು ಬೆಳಗನ್ನು ಮೀಸಲಿಡುತ್ತಾರೆ. ಆರಕ್ಕೆ ವ್ಯಾನಿನಿಂದ ಇಳಿದು, ಚಿತ್ರ ತೆಗೆದು, ಏಳಕ್ಕೆ ಸಂತೆಯಲ್ಲಿ ಒಂದು ಸುತ್ತು ಹಾಕಿ, ಎಂಟಕ್ಕೆ ಜಲಪಾತದ ಕಡೆ ಹೊರಟುಬಿಡುತ್ತಾರೆ. ನೀವು ಮೂರು ಬೆಳಗು ಕೊಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ಮೊದಲನೆಯದು ಬರೀ ನೋಡುವುದಕ್ಕೆ, ಎರಡನೆಯದು ಸಂತೆಗೆ. ಮೂರನೆಯ ಬೆಳಗು, ಮನಸ್ಸು ಒಪ್ಪಿದರೆ ಮಾತ್ರ, ಅನ್ನ ನೀಡುವುದಕ್ಕೆ. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ನೋಡಿ ಕಲಿಯದೆ ಸಾಲಿನಲ್ಲಿ ಕುಳಿತವರಿಂದಲೇ ಅಲ್ಲಿ ಹೆಚ್ಚು ಪ್ರಮಾದಗಳಾಗುತ್ತವೆ.

ಹಂತ 1: ಹೊರಡುವ ಮುನ್ನ

ಬೆಂಗಳೂರಿನಿಂದ ಬ್ಯಾಂಕಾಕ್ ಮೂಲಕ ವಿಮಾನದಲ್ಲಿ ಹೋಗುವುದು ಸುಲಭ. ಇನ್ನೊಂದು ದಾರಿ ರೈಲಿನದು. 2021ರ ಡಿಸೆಂಬರಿನಲ್ಲಿ ಆರಂಭವಾದ ಲಾವೋಸ್–ಚೀನಾ ರೈಲು ರಾಜಧಾನಿ ವಿಯೆಂಟಿಯಾನ್‌ನಿಂದ ಸುಮಾರು ಎರಡು ಗಂಟೆಯಲ್ಲಿ ಇಲ್ಲಿಗೆ ತಲುಪಿಸುತ್ತದೆ. ನಿಲ್ದಾಣ ಊರ ಹೊರಗಿದೆ. ಅಲ್ಲಿಂದ ಪಟ್ಟಣಕ್ಕೆ ವ್ಯಾನುಗಳು ಸಿಗುತ್ತವೆ. ಭಾರತೀಯರಿಗೆ ವೀಸಾ ಬೇಕು. ನಿಯಮಗಳು ಬದಲಾಗುವುದರಿಂದ ಹೊರಡುವ ಮೊದಲು ಲಾವೋಸ್ ಸರ್ಕಾರದ ಅಧಿಕೃತ ಜಾಲತಾಣವನ್ನೇ ನೋಡಿ.

ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿನ ಐದು ಗಂಟೆ ನಿಮ್ಮ ದೇಹಕ್ಕೆ ಮೂರೂವರೆ. ಆದ್ದರಿಂದ ಬಂದಿಳಿದ ಮರುದಿನವೇ ಎಲ್ಲವನ್ನೂ ಮುಗಿಸುವ ಹಟ ಬೇಡ.

ವಸತಿ ಹಳೆಯ ಊರಿನೊಳಗೇ ಇರಲಿ, ನಡೆದು ತಲುಪುವಷ್ಟು ಹತ್ತಿರ. ದೂರ ಉಳಿದರೆ ನಸುಕಿನಲ್ಲಿ ವಾಹನ ಹತ್ತಿ ಬರಬೇಕಾಗುತ್ತದೆ, ಮತ್ತು ಆ ನಿಶ್ಶಬ್ದವನ್ನು ಮೊದಲು ಕೆಡಿಸುವುದೇ ಅಂಥ ವಾಹನಗಳ ಸದ್ದು. ದುಬಾರಿ ಹೋಟೆಲಿಗಿಂತ ಒಂದು ಕುಟುಂಬ ನಡೆಸುವ ಸಣ್ಣ ಅತಿಥಿಗೃಹ ಮೇಲು. ಮೂರನೆಯ ಬೆಳಗಿಗೆ ಆ ಮನೆಯ ಅಡುಗೆಮನೆಯ ಸಹಾಯ ಬೇಕಾಗುತ್ತದೆ.

ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ, ಕೈ ಹಚ್ಚದೆ ಕಳಚಬಹುದಾದ ಚಪ್ಪಲಿ, ಒಂದು ಸಾದಾ ಶಾಲು ಇಟ್ಟುಕೊಳ್ಳಿ. ಡಿಸೆಂಬರ್, ಜನವರಿಯ ಬೆಳಗು ಮಂಜು ಮುಸುಕಿ ಕೊರೆಯುತ್ತದೆ; ಮಡಿಕೇರಿಯ ಚಳಿಗಾಲಕ್ಕೆ ಒಯ್ಯುವಷ್ಟು ಬೆಚ್ಚನೆಯ ಉಡುಪು ಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಬೆಟ್ಟದ ಹೊಲಗಳನ್ನು ಸುಡುವ ಹೊಗೆ ಕವಿದಿರುತ್ತದೆ. ನವೆಂಬರಿನಿಂದ ಫೆಬ್ರುವರಿಯ ತನಕದ ಕಾಲ ಎಲ್ಲಕ್ಕಿಂತ ಹಿತ.

ಜೊತೆಗೆ ಒಂದು ಪಂಚಾಂಗವನ್ನೂ ನೋಡಿಕೊಳ್ಳಿ. ಪ್ರತಿ ಪಕ್ಷದ ಎಂಟನೆಯ ಮತ್ತು ಕೊನೆಯ ದಿನ ಅಲ್ಲಿ 'ವಾನ್ ಸಿನ್', ಅಂದರೆ ಬೌದ್ಧ ನಿಯಮಗಳನ್ನು ಪಾಲಿಸುವ ಶೀಲದ ದಿನ. ನಮ್ಮ ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲೇ ಅದು ಬೀಳುತ್ತದೆ. ಅಂದು ಊರಿನ ಹಿರಿಯರು ಹೆಚ್ಚಾಗಿ ವಾಟ್‌ಗೆ ಬರುತ್ತಾರೆ, ದಾನ ನೀಡುವ ಸಾಲೂ ಬೆಳೆಯುತ್ತದೆ.

ಹಂತ 2: ಮೊದಲ ಬೆಳಗು, ಕೈಕಟ್ಟಿ ನೋಡುವುದು

ಬೇಸಿಗೆಯಲ್ಲಿ ಐದೂವರೆಗೆ, ಚಳಿಗಾಲದಲ್ಲಿ ಆರರ ಸುಮಾರಿಗೆ ಸಾಲು ಹೊರಡುತ್ತದೆ. ಅರ್ಧ ಗಂಟೆ ಮೊದಲೇ ಬೀದಿಗೆ ಬನ್ನಿ. ಆಗ ಊರು ಎದ್ದಿರುತ್ತದೆ, ಆದರೆ ಮಾತಾಡುವುದಿಲ್ಲ. ಹಿತ್ತಿಲುಗಳಿಂದ ಇದ್ದಿಲ ಹೊಗೆ ಮತ್ತು ಬೇಯುತ್ತಿರುವ ಅಕ್ಕಿಯ ಪರಿಮಳ ಬರುತ್ತದೆ.

ಎಲ್ಲಿ ನಿಲ್ಲಬೇಕು? ಸಕ್ಕಲಿನ್ ರಸ್ತೆಯಲ್ಲಿ, ವಾಟ್ ಸೇನ್ ಮುಂದೆ, ಅತಿ ಉದ್ದದ ಸಾಲು ಕಾಣುತ್ತದೆ, ಜನಜಂಗುಳಿಯೂ ಅಲ್ಲೇ. ನನ್ನ ಒಲವು ಮೆಕಾಂಗ್ ದಂಡೆಯ ಕಡೆಗಿನ ಓಣಿಗಳಿಗೆ, ಇಲ್ಲವೆ ಫೂಸಿ ಗುಡ್ಡದ ದಕ್ಷಿಣಕ್ಕೆ, ವಾಟ್ ಮನೋರೋಮ್ ಸುತ್ತಲಿನ ಬೀದಿಗಳಿಗೆ. ಸಾಲು ಚಿಕ್ಕದಿರುತ್ತದೆ, ಆದರೆ ಮನೆಯ ಹೊಸ್ತಿಲಲ್ಲಿ ಚಾಪೆ ಹಾಸಿ ಕುಳಿತ ಅಜ್ಜಿಯೂ ಅವಳ ಮುಂದೆ ಹಾದುಹೋಗುವ, ಪೂರ್ಣ ದೀಕ್ಷೆ ಇನ್ನೂ ಆಗದ ಹುಡುಗ ಸಾಮಣೇರನೂ ಒಬ್ಬರಿಗೊಬ್ಬರು ಗುರುತಿನವರು. ತಾಕ್ ಬಾತ್ ಅರ್ಥವಾಗುವುದು ಅಂಥ ಕಡೆ.

ಎದುರು ಬದಿಯ ಪಾದಚಾರಿ ಹಾದಿಯಲ್ಲಿ ನಿಂತು ಕ್ರಮವನ್ನು ಗಮನಿಸಿ. ವಾಟ್‌ನ ಹಿರಿಯ ಭಿಕ್ಕು ಮೊದಲು, ಎಳೆಯ ಸಾಮಣೇರರು ಕೊನೆಗೆ. ಭುಜದಿಂದ ಇಳಿಬಿದ್ದ ಪಟ್ಟಿಯಲ್ಲಿ ಭಿಕ್ಷಾಪಾತ್ರೆ. ನೀಡುವವರು ಬರಿಗಾಲಲ್ಲಿದ್ದಾರೆ, ಎಡ ಭುಜದಿಂದ ಓರೆಯಾಗಿ 'ಫಾ ಬಿಯಾಂಗ್' ಎಂಬ ಉತ್ತರೀಯ ಹೊದ್ದಿದ್ದಾರೆ. ಹೆಂಗಸರು ಮೊಣಕಾಲೂರಿ ಕುಳಿತಿದ್ದಾರೆ. ಬುಟ್ಟಿಯನ್ನು ಒಮ್ಮೆ ಹಣೆಯ ಮಟ್ಟಕ್ಕೆ ಎತ್ತಿ ಮನಸ್ಸಿನಲ್ಲೇ ಪ್ರಾರ್ಥಿಸಿ, ಆಮೇಲೆ ಒಂದೊಂದು ಪಾತ್ರೆಗೂ ಒಂದೊಂದು ಚಿಟಿಕೆ ಅಂಟು ಅನ್ನ. ಯಾರೂ ಮಾತಾಡುವುದಿಲ್ಲ. ಭಿಕ್ಕು ಕೃತಜ್ಞತೆ ಹೇಳುವುದಿಲ್ಲ. ನಮ್ಮ ಕಣ್ಣಿಗೆ ಇದು ಬಿರುಸಾಗಿ ಕಾಣಬಹುದು. ಆದರೆ ಅಲ್ಲಿ ಉಪಕಾರ ಪಡೆಯುವವರು ನೀಡುವವರು: ಪಾತ್ರೆ ಮುಂದೆ ಬಂದದ್ದರಿಂದ ತಾನೆ ಅವರಿಗೆ 'ಬುನ್' ಗಳಿಸುವ ಅವಕಾಶ ಸಿಕ್ಕಿತು! 'ಬುನ್' ಎಂದರೆ ನಮ್ಮ ಪುಣ್ಯವೇ.

ಸಾಲಿನ ನಡುನಡುವೆ ಖಾಲಿ ಬುಟ್ಟಿ ಹಿಡಿದು ಮೊಣಕಾಲೂರಿದ ಬಡ ಮಕ್ಕಳನ್ನು ನೋಡುತ್ತೀರಿ. ಭಿಕ್ಕುಗಳು ತಮ್ಮ ಪಾತ್ರೆಯಿಂದಲೇ ಅನ್ನವನ್ನೂ ತಿಂಡಿಯನ್ನೂ ತೆಗೆದು ಆ ಬುಟ್ಟಿಗಳಿಗೆ ಹಾಕುತ್ತ ಹೋಗುತ್ತಾರೆ. ಒಂದೇ ಬೀದಿಯಲ್ಲಿ, ಕೆಲವೇ ಹೆಜ್ಜೆಗಳ ಅಂತರದಲ್ಲಿ, ಪಡೆದದ್ದು ಮತ್ತೆ ದಾನವಾಗುತ್ತದೆ. ನನಗೆ ಇಡೀ ಆಚರಣೆಯಲ್ಲಿ ಅತ್ಯಂತ ಪ್ರಿಯವಾದದ್ದು ಈ ನೋಟ. ಹೆಚ್ಚಿನ ಕ್ಯಾಮೆರಾಗಳು ಇದನ್ನು ಕಾಣುವುದೇ ಇಲ್ಲ.

ಕ್ಯಾಮೆರಾದ ಮಾತು ಬಂತು. ಚಿತ್ರ ತೆಗೆಯುವುದೇ ತಪ್ಪೆಂದು ನಾನು ಹೇಳುವುದಿಲ್ಲ. ವಾಟ್ ಸೇನ್‌ನ ಮಠಾಧಿಪತಿಯಾಗಿದ್ದು 2007ರಲ್ಲಿ ತೀರಿಕೊಂಡ ಹಿರಿಯ ಭಿಕ್ಕು ಖಾಮ್‌ಚಾನ್ ವಿರಚಿತ್ತೊ ಅವರು ದಶಕಗಳ ಕಾಲ ಛಾಯಾಚಿತ್ರಗಳನ್ನು ಜೋಪಾನ ಮಾಡಿದವರು. ಈ ಊರಿನ ವಾಟ್‌ಗಳಲ್ಲಿ ದೊರೆತ ಸಾವಿರಾರು ಹಳೆಯ ಚಿತ್ರಗಳು ಇಂದು ಒಂದು ದಾಖಲೆ ಸಂಗ್ರಹವಾಗಿವೆ. ಭಿಕ್ಕುಗಳಿಗೆ ಕ್ಯಾಮೆರಾ ಅಪರಿಚಿತವಲ್ಲ. ಅವರನ್ನು ನೋಯಿಸುವುದು ಕತ್ತಲಲ್ಲಿ ಕಣ್ಣಿಗೆ ಹೊಡೆಯುವ ಫ್ಲ್ಯಾಶ್, ಮುಖಕ್ಕೆ ಚಾಚಿದ ಮೊಬೈಲ್, ಸಾಲಿಗೆ ಅಡ್ಡ ನಿಂತು ಹಿಂದೆ ಹಿಂದೆ ನಡೆಯುವ ಜನ. ಫ್ಲ್ಯಾಶನ್ನೂ ಮೊಬೈಲಿನ ಸದ್ದನ್ನೂ ಹಿಂದಿನ ರಾತ್ರಿಯೇ ಆರಿಸಿಡಿ. ರಸ್ತೆ ದಾಟಬೇಡಿ, ಸಾಲಿನ ಜೊತೆ ನಡೆಯಬೇಡಿ. ಭಿಕ್ಕುಗಳನ್ನು ಮುಟ್ಟಬೇಡಿ, ಹೆಂಗಸರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಮೇಲಂತಸ್ತಿನ ಬಾಲ್ಕನಿಯಿಂದ ಇಣುಕುವುದೂ ಅಲ್ಲಿ ಅಗೌರವ, ಏಕೆಂದರೆ ನೋಡುವವರ ತಲೆ ಭಿಕ್ಕುಗಳ ತಲೆಗಿಂತ ಮೇಲಿರಬಾರದು. ಮೊದಲ ದಿನ ಕ್ಯಾಮೆರಾವನ್ನು ಕೋಣೆಯಲ್ಲೇ ಬಿಟ್ಟರೆ ಇನ್ನೂ ಒಳ್ಳೆಯದು.

ಹಂತ 3: ಎರಡನೆಯ ಬೆಳಗು, ತಲಾತ್ ಸಾವೊ

'ತಲಾತ್' ಎಂದರೆ ಮಾರುಕಟ್ಟೆ, 'ಸಾವೊ' ಎಂದರೆ ಬೆಳಗು. ಹಳೆಯ ಅರಮನೆಗೂ ವಾಟ್ ಮೈಗೂ ಅಂಟಿಕೊಂಡ ಓಣಿಗಳಲ್ಲಿ ಬೆಳೆದ ಸಂತೆ ಇದು. ಜಾಗ ಕಾಲಕಾಲಕ್ಕೆ ಸರಿದಾಡುವುದುಂಟು. ಹಿಂದಿನ ಸಂಜೆ ಅತಿಥಿಗೃಹದಲ್ಲಿ 'ತಲಾತ್ ಸಾವೊ' ಎಂದು ಕೇಳಿದರೆ ಕೈ ಮಾಡಿ ತೋರಿಸುತ್ತಾರೆ. ಊರ ಹೊರವಲಯದ ಫೋಸಿ ಮಾರುಕಟ್ಟೆ ಇದಕ್ಕಿಂತ ಬಹಳ ದೊಡ್ಡದು, ಊರವರ ಮುಖ್ಯ ಖರೀದಿ ಅಲ್ಲಿ. ಮೊದಲ ಸಲ ಹೋಗುವವರಿಗೆ ಚಿಕ್ಕದೇ ಸಾಕು.

ಐದೂವರೆಯಿಂದ ಎಂಟರ ಒಳಗೆ ಹೋಗಿ. ಒಂಬತ್ತರ ಮೇಲೆ ಟಾರ್ಪಾಲುಗಳು ಮಡಚಿಕೊಳ್ಳುತ್ತವೆ.

ಮೊದಲು ಏನೂ ಕೊಳ್ಳದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ನೆಲದ ಮೇಲೆ ಬಾಳೆಲೆ ಹಾಸಿ ಗುಡ್ಡೆ ಹಾಕಿದ ಸರಕಿನಲ್ಲಿ ಕರ್ನಾಟಕದವರಿಗೆ ನೆಂಟರಿಷ್ಟರು ಬಹಳ. ಕಳಲೆ ಇದೆ, ಮಲೆನಾಡು, ಕೊಡಗಿನವರಿಗೆ ಅದನ್ನು ಪರಿಚಯಿಸಬೇಕಿಲ್ಲ. ಬಾಳೆಮೋತೆ ಇದೆ. ಸಬ್ಬಸಿಗೆ ಸೊಪ್ಪು ಕಟ್ಟುಕಟ್ಟಾಗಿ ಇದೆ; ಲಾವೊ ಅಡುಗೆ ಅದನ್ನು ನಮ್ಮಷ್ಟೇ ಧಾರಾಳವಾಗಿ ಬಳಸುತ್ತದೆ. ಚೆಂಡುಹೂವನ್ನು ಬಾಳೆಲೆಯ ಗೋಪುರಕ್ಕೆ ಸಿಕ್ಕಿಸಿದ 'ಮಾಕ್ ಬೆಂಗ್' ಎಂಬ ಪೂಜೆಯ ಕುಚ್ಚು ಸಿಗುತ್ತದೆ. ಅದನ್ನು ಕೊಂಡು ಯಾವುದಾದರೂ ವಾಟ್‌ನ ಬುದ್ಧನ ಮುಂದೆ ಇಡಬಹುದು.

ಪರಿಚಯವಿಲ್ಲದವೂ ಇವೆ. ಒಣಕಟ್ಟಿಗೆಯ ತುಂಡುಗಳಂತೆ ಕಾಣುವುದು 'ಸಖಾನ್'. ಮೆಣಸಿನ ಬಳ್ಳಿಯ ಜಾತಿಯದು, ಬಾಯಲ್ಲಿಟ್ಟರೆ ಮೊದಲು ಖಾರ, ಆಮೇಲೆ ಸಣ್ಣಗೆ ಜುಮ್ಮೆನ್ನುತ್ತದೆ. ಈ ಊರಿನ ಹೆಸರಾಂತ 'ಒ ಲಾಮ್' ಎಂಬ ಗಟ್ಟಿ ಸಾರಿಗೆ ಅದೇ ಜೀವ. ಕಪ್ಪುಹಸಿರು ಕಾಗದದಂತಹ ಹಾಳೆಗಳು 'ಖಾಯ್ ಫೇನ್'. ನದಿಯ ನೀರಿಳಿದು ತಿಳಿಯಾಗುವ ಚಳಿಗಾಲದಲ್ಲಿ ಕಲ್ಲುಗಳಿಗೆ ಅಂಟಿದ ಪಾಚಿಯನ್ನು ಕೊಯ್ದು, ತೊಳೆದು, ತೆಳುವಾಗಿ ಹರಡಿ, ಎಳ್ಳು, ಬೆಳ್ಳುಳ್ಳಿ, ಟೊಮೆಟೊ ಚೂರು ಉದುರಿಸಿ ಬಿಸಿಲಿಗೆ ಒಣಗಿಸುತ್ತಾರೆ. ಎಣ್ಣೆಯಲ್ಲಿ ಒಂದು ಕ್ಷಣ ಅದ್ದಿ ತೆಗೆದರೆ ಹಪ್ಪಳ. ಸಸ್ಯಾಹಾರಿಗಳು ಮನೆಗೆ ತರಲು ಇದಕ್ಕಿಂತ ಒಳ್ಳೆಯ ವಸ್ತು ಈ ಸಂತೆಯಲ್ಲಿಲ್ಲ. ಅದರ ಜೊತೆಗೆ ಮಾರುವ 'ಜೇವ್ ಬೋಂಗ್' ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಎಮ್ಮೆಯ ಚರ್ಮದ ಚೂರುಗಳಿರುವುದು ರೂಢಿ, ಕೇಳಿ ಕೊಳ್ಳಿ.

ಸಸ್ಯಾಹಾರಿಗಳಿಗೆ ಇನ್ನೂ ಎರಡು ಮಾತು. ಮೀನಿನ ನೀರು 'ನಾಮ್ ಪಾ' ಮತ್ತು ಕಳಿತ ಮೀನಿನ 'ಪಾ ದೇಕ್' ಅಲ್ಲಿ ನಮ್ಮ ಒಗ್ಗರಣೆಯಿದ್ದಂತೆ, ಬರೀ ತರಕಾರಿಯ ಪಲ್ಯಕ್ಕೂ ಬೀಳುತ್ತವೆ. 'ಖೋಯ್ ಕಿನ್ ಜೇ' ಎಂದರೆ ನಾನು ಸಸ್ಯಾಹಾರಿ. 'ಬೋ ಸಾಯ್ ನಾಮ್ ಪಾ, ಬೋ ಸಾಯ್ ಪಾ ದೇಕ್' ಎಂದರೆ ಅವೆರಡನ್ನೂ ಹಾಕಬೇಡಿ. ನಿಶ್ಚಿಂತೆಯಿಂದ ತಿನ್ನಬಹುದಾದದ್ದು 'ಖಾವ್ ನೋಮ್ ಕೋಕ್'. ಅದನ್ನು ಬೇಯಿಸುವ ಗುಳಿಗಳ ಕಾವಲಿ ಕಂಡೊಡನೆ ನಮ್ಮವರು ನಿಂತುಬಿಡುತ್ತಾರೆ: ಅದು ಪಡ್ಡಿನ ಕಾವಲಿಯೇ. ಅಕ್ಕಿ ಹಿಟ್ಟು ಮತ್ತು ತೆಂಗಿನ ಹಾಲಿನ ಹಿಟ್ಟು, ಹೊರಗೆ ಗರಿಗರಿ, ಒಳಗೆ ಹಾಲುಗೆನೆ. ಬಾಳೆಲೆಯ ದೊನ್ನೆಯಲ್ಲಿ ಬಿಸಿಬಿಸಿಯಾಗಿ ಕೊಡುತ್ತಾರೆ. ಅಂಟಕ್ಕಿಯೊಳಗೆ ಬಾಳೆಹಣ್ಣಿಟ್ಟು ಎಲೆಯಲ್ಲಿ ಸುತ್ತಿ ಬೇಯಿಸಿದ 'ಖಾವ್ ತೊಮ್' ಕೂಡ ರುಚಿಕರ, ಆದರೆ ಹಂದಿಮಾಂಸ ತುಂಬಿದ್ದೂ ಇರುವುದರಿಂದ ಬಿಚ್ಚುವ ಮುನ್ನ ಕೇಳಿ.

ಜೀವಂತ ಕಪ್ಪೆಗಳು, ಮೆಕಾಂಗ್‌ನ ಮೀನುಗಳು, ಕೆಲವೊಮ್ಮೆ ಕಾಡಿನ ಪ್ರಾಣಿಪಕ್ಷಿಗಳೂ ಕಣ್ಣಿಗೆ ಬೀಳುತ್ತವೆ. ಊರವರ ಊಟವನ್ನು ನೋಡಿ ಮುಖ ಸಿಂಡರಿಸುವುದು ಅತಿಥಿಗೆ ಶೋಭಿಸುವುದಿಲ್ಲ. ಆದರೆ ಕಾಡುಪ್ರಾಣಿಯ ಯಾವ ಭಾಗವನ್ನೂ ಕೊಳ್ಳಬೇಡಿ, ಕುತೂಹಲಕ್ಕೂ ಬೇಡ. ಫೂಸಿ ಗುಡ್ಡದ ಮೆಟ್ಟಿಲುಗಳ ಬಳಿ ಪುಟ್ಟ ಬಿದಿರ ಪಂಜರದಲ್ಲಿ ಹಕ್ಕಿಗಳನ್ನು ಮಾರುತ್ತಾರೆ. ಹಾರಿಬಿಟ್ಟರೆ ಪುಣ್ಯ ಎನ್ನುತ್ತಾರೆ. ನಿಮ್ಮ ಹಣ ನಾಳೆ ಇನ್ನೆರಡು ಹಕ್ಕಿಗಳನ್ನು ಹಿಡಿಸುತ್ತದೆ. ದಯವಿಟ್ಟು ಕೊಳ್ಳಬೇಡಿ.

ಬೆಲೆ ಕೇಳಲು 'ಥಾವ್ ದಾಯ್?', ನಮಸ್ಕಾರಕ್ಕೆ 'ಸಬಾಯ್‌ದೀ', ಧನ್ಯವಾದಕ್ಕೆ 'ಖೋಪ್ ಚಾಯ್'. ಸಣ್ಣ ಕಿಪ್ ನೋಟುಗಳನ್ನು ಇಟ್ಟುಕೊಳ್ಳಿ. ಕಟ್ಟು ಸೊಪ್ಪಿಗೆ ಚೌಕಾಸಿ ಮಾಡಬೇಡಿ. ಅದನ್ನು ಬೆನ್ನ ಮೇಲೆ ಹೊತ್ತು ಬೆಟ್ಟದ ಹಳ್ಳಿಯಿಂದ ರಾತ್ರಿಯಲ್ಲೇ ಹೊರಟು ಬಂದವರಿದ್ದಾರೆ.

ಸಂತೆ ಮುಗಿಸಿ ವಾಟ್ ಮೈಗೆ ಹೋಗಿ. ಅದರ ಮುಂಗೋಡೆಯ ಮೇಲಿನ ಬಂಗಾರದ ಬಣ್ಣದ ಉಬ್ಬುಚಿತ್ರದಲ್ಲಿ ವೆಸ್ಸಂತರ ಜಾತಕದ ಕಥೆಯಿದೆ. ಬುದ್ಧನ ಕೊನೆಯ ಪೂರ್ವಜನ್ಮದ ಈ ರಾಜಕುಮಾರ ರಾಜ್ಯದ ಆನೆಯನ್ನೂ ಹೆತ್ತ ಮಕ್ಕಳನ್ನೂ ಕೊನೆಗೆ ಹೆಂಡತಿಯನ್ನೂ ಕೇಳಿದವರಿಗೆ ಕೊಟ್ಟವನು. ನಮ್ಮ ಹರಿಶ್ಚಂದ್ರನನ್ನು ಕೇಳಿ ಬೆಳೆದವರಿಗೆ ಆ ಸಂಕಟ ತಿಳಿದದ್ದೇ. ಹೊರಗೆ ಸೊಪ್ಪು ಮಾರುವ ಗದ್ದಲ, ಒಳಗೆ ಗೋಡೆ ತುಂಬ ದಾನದ ಕಥೆ. ನಸುಕಿನಲ್ಲಿ ಬೀದಿಯಲ್ಲಿ ಕೂರುವ ಅಜ್ಜಿಯರು ಚಿಕ್ಕಂದಿನಿಂದ ಕೇಳಿದ್ದು ಈ ಕಥೆಯನ್ನೇ.

ಹಂತ 4: ಮೂರನೆಯ ಬೆಳಗು, ಅನ್ನ ನೀಡುವುದು

ಶ್ರದ್ಧೆಯಿದ್ದರೆ ಮಾತ್ರ ನೀಡಿ. ಅನುಭವಕ್ಕಾಗಿ, ಚಿತ್ರಕ್ಕಾಗಿ ಎಂದಾದರೆ ಮೊದಲ ದಿನದಂತೆ ಎದುರು ಬದಿಯಲ್ಲೇ ನಿಲ್ಲಿ, ಅದರಲ್ಲಿ ಕೊರತೆಯೇನಿಲ್ಲ.

ಅನ್ನ ಎಲ್ಲಿಂದ ಬಂತೆಂಬುದು ಮುಖ್ಯ. ನಾನು ಮೊದಲ ಸಲ ರಸ್ತೆಬದಿಯ ಮಾರಾಟಗಾರ್ತಿಯೊಬ್ಬಳಿಂದ ಬುಟ್ಟಿ ಕೊಂಡೆ. ಅನ್ನ ತಣ್ಣಗೆ ಗಟ್ಟಿಯಾಗಿತ್ತು. ನಾನು ಕುಳಿತಿದ್ದಂತೆಯೇ ಖಾಲಿಯಾದ ಬುಟ್ಟಿಯ ಜಾಗಕ್ಕೆ ಇನ್ನೊಂದು ಬಂತು, ಮತ್ತೊಂದು ಬಂತು, ಕೊನೆಗೆ ಎಲ್ಲದರ ಹಣ ಕೇಳಿದಳು. ಹಣಕ್ಕಿಂತ ಹೆಚ್ಚಾಗಿ, ನಾನೇ ತಿನ್ನದ ಅನ್ನವನ್ನು ಪಾತ್ರೆಗೆ ಹಾಕಿದೆನಲ್ಲ ಎಂಬುದು ಇವತ್ತಿಗೂ ಕಾಡುತ್ತದೆ. ಭಿಕ್ಕುಗಳಿಗೆ ದಿನದ ಊಟ ಅದು.

ಆದ್ದರಿಂದ ಹಿಂದಿನ ಸಂಜೆಯೇ ಅತಿಥಿಗೃಹದವರನ್ನು ಕೇಳಿ. 'ಖಾವ್ ನ್ಯಾವ್' ಎಂಬ ಅಂಟಕ್ಕಿಯನ್ನು ಅವರು ರಾತ್ರಿ ನೆನೆಹಾಕಿ, ನಸುಕಿನಲ್ಲಿ ಶಂಕುವಿನಾಕಾರದ ಬಿದಿರ ಬುಟ್ಟಿಯಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ನಿಮ್ಮ ಪಾಲನ್ನು ಸೇರಿಸಲು ಕೇಳಿ, ಹಣ ಕೊಡಿ, 'ತಿಪ್ ಖಾವ್' ಎಂಬ ಮುಚ್ಚಳದ ಬುಟ್ಟಿಯನ್ನು ಎರವಲು ಪಡೆಯಿರಿ. ಸಾಧ್ಯವಾದರೆ ನಾಲ್ಕೂವರೆಗೆ ಎದ್ದು ಆ ಅಡುಗೆಮನೆಯಲ್ಲಿ ಜೊತೆಗೆ ಕೂರಿ. ಬೆಂದ ಅನ್ನವನ್ನು ಮರದ ಹಲಗೆಯ ಮೇಲೆ ಸುರುವಿ, ಚಪ್ಪಟೆ ಸಟ್ಟುಗದಿಂದ ಮಗುಚಿ ಹಬೆಯಾಡಿಸುವುದನ್ನು ನೋಡಬಹುದು. ಮನೆಯ ವ್ಯವಸ್ಥೆ ಆಗದಿದ್ದರೆ ಸಂತೆಯಲ್ಲಿ ಬಿಸಿ ಅನ್ನ ಕೊಳ್ಳಿ.

ಕುಳಿತುಕೊಳ್ಳಲು ಮನೆಯವರು ಕೂರುವ ಜಾಗವೇ ಸರಿ. ಅವರ ಪಕ್ಕದಲ್ಲಿ, ಅವರಿಗಿಂತ ಹಿಂದೆ. ಕೈ ತೊಳೆಯಿರಿ, ಚಪ್ಪಲಿ ಬಿಡಿ, ಶಾಲನ್ನು ಎಡ ಭುಜದಿಂದ ಓರೆಯಾಗಿ ಹೊದೆಯಿರಿ. ಲಾವೊ ಗಂಡಸರು ನಿಂತು ನೀಡುವುದುಂಟು, ಆದರೆ ಹೊರಗಿನವರು ಗಂಡಾಗಲಿ ಹೆಣ್ಣಾಗಲಿ ಕೂರುವುದು ಒಳ್ಳೆಯದು. ಪಾದಗಳು ಭಿಕ್ಕುಗಳ ಕಡೆ ಚಾಚದಿರಲಿ.

ಬಲಗೈಯ ಬೆರಳುಗಳಿಂದ ಸಣ್ಣ ಉಂಡೆ ಮುರಿದು ಪಾತ್ರೆಯೊಳಗೆ ಇಳಿಬಿಡಿ. ಪಾತ್ರೆಯನ್ನೂ ಕೈಯನ್ನೂ ತಾಕಿಸಬೇಡಿ. ಅವರು ನಿಲ್ಲುವುದಿಲ್ಲ, ನಡಿಗೆಯ ಓಟದಲ್ಲೇ ಹಾಕಬೇಕು. ಮೊದಲ ಐದಾರು ಮಂದಿಯವರೆಗೆ ಕೈ ತಡವರಿಸುತ್ತದೆ, ಆಮೇಲೆ ಲಯ ಸಿಗುತ್ತದೆ. ಮುಖ ದಿಟ್ಟಿಸಬೇಡಿ. ಉಂಡೆ ಚಿಕ್ಕದಿರಲಿ, ಮುಖ್ಯ ಬೀದಿಯಲ್ಲಿ ಸಾಲು ನೂರನ್ನೂ ದಾಟುತ್ತದೆ. ಅನ್ನ ಮುಗಿದರೆ ಕೈಜೋಡಿಸಿ ತಲೆಬಾಗಿ ಕೂತಿರಿ. ನೋಟು ಹಾಕುವುದು ಬೇಡ.

ಸಾಲು ಹೋದ ಮೇಲೆ ಎದ್ದುಬಿಡಬೇಡಿ. ಮನೆಯ ಹಿರಿಯರು ಸಣ್ಣ ಬಾಟಲಿಯಿಂದ ನೆಲಕ್ಕೆ, ಇಲ್ಲವೆ ಗಿಡದ ಬುಡಕ್ಕೆ ತೆಳುಧಾರೆಯಾಗಿ ನೀರು ಸುರಿಯುತ್ತ ಪಿಸುಗುಟ್ಟುತ್ತಾರೆ. ಇದು 'ಯಾತ್ ನಾಮ್'. ಅಂದಿನ ಪುಣ್ಯವನ್ನು ತೀರಿಕೊಂಡವರಿಗೆ ಕಳಿಸುವ ವಿಧಿ. 'ನಾಂಗ್ ಥೊರನಿ', ಅಂದರೆ ಧರಣಿ, ಅದಕ್ಕೆ ಸಾಕ್ಷಿ. ನಮ್ಮ ಶಾಸನಗಳಲ್ಲಿ ದತ್ತಿ ಬಿಟ್ಟವರು 'ಧಾರಾಪೂರ್ವಕಂ ಮಾಡಿ' ಕೊಟ್ಟರೆಂದು ಬರೆಸಿದ್ದಾರೆ, ನಮ್ಮ ಮನೆಗಳಲ್ಲಿ ತರ್ಪಣ ಬಿಡುತ್ತೇವೆ, ಮದುವೆಯಲ್ಲಿ ಧಾರೆ ಎರೆಯುತ್ತೇವೆ. ಅಜ್ಜಿಯ ಬಾಟಲಿಯ ನೀರು ಮಣ್ಣಿಗೆ ಇಳಿಯುವುದನ್ನು ಕಂಡಾಗ ನನಗೆ ಇದಕ್ಕೆ ಅನುವಾದವೇ ಬೇಕಾಗಲಿಲ್ಲ.

ಹಂತ 5: ಉಳಿದ ಹಗಲು

ಬೀದಿಯಲ್ಲಿ ಸಿಗುವುದು ಮುಖ್ಯವಾಗಿ ಅನ್ನ. ಪಲ್ಯ, ಸಾರುಗಳನ್ನು ನೆರೆಹೊರೆಯವರು ಆಮೇಲೆ ನೇರವಾಗಿ ವಾಟ್‌ಗೆ ಒಯ್ದು ಕೊಡುತ್ತಾರೆ. ಮಧ್ಯಾಹ್ನದ ನಂತರ ಭಿಕ್ಕುಗಳು ಘನ ಆಹಾರ ಮುಟ್ಟುವುದಿಲ್ಲ, ಆದ್ದರಿಂದ ಬೆಳಗಿನ ಹೊತ್ತು ಅವರನ್ನು ಮಾತಿಗೆ ಎಳೆಯಬೇಡಿ. ಮಧ್ಯಾಹ್ನದ ಮೇಲೆ ಸಾಮಣೇರರು ತಾವಾಗಿಯೇ ಮಾತಾಡಿಸುತ್ತಾರೆ. ಇಂಗ್ಲಿಷ್ ಅಭ್ಯಾಸ ಮಾಡುವ ಆಸೆ ಅವರಿಗೆ.

ವಾಟ್ ಶಿಯಾಂಗ್ ಥೋಂಗ್ ಅನ್ನು ತಪ್ಪಿಸಬೇಡಿ. 1560ರ ಸುಮಾರಿಗೆ ಸೆತ್ಥಾಥಿರಾತ್ ಅರಸ ಕಟ್ಟಿಸಿದ ಅದರ ಸೂರು ನೆಲ ಮುಟ್ಟುವಂತೆ ಬಾಗಿ ಇಳಿದಿದೆ. ಹಿಂಗೋಡೆಯ ಮೇಲೆ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ಜೀವವೃಕ್ಷವಿದೆ. ಪ್ರಧಾನ ಮಂದಿರವನ್ನು ಅಲ್ಲಿ 'ಸಿಮ್' ಎನ್ನುತ್ತಾರೆ, ಸೀಮೆ ಎಂಬ ಮಾತಿನಿಂದ ಬಂದದ್ದು. ಸಂಜೆ ಕತ್ತಲಾಗುವ ಹೊತ್ತಿಗೆ ಯಾವುದಾದರೂ ಸಿಮ್‌ನ ಹಿಂಬದಿಯಲ್ಲಿ ಕಾಲು ಮಡಚಿ ಕೂತರೆ ಪಾಳಿ ಪಠಣ ಕೇಳಬಹುದು. 'ನಮೋ ತಸ್ಸ ಭಗವತೋ' ಎಂಬ ಮೊದಲ ಸಾಲು ಕನ್ನಡದ ಕಿವಿಗೆ ತಾನಾಗಿ ತಿಳಿಯುತ್ತದೆ.

ಹಂತ 6: ಹಬ್ಬಕ್ಕೆ ಹೊಂದಿಸಿಕೊಂಡು ಹೋಗುವವರಿಗೆ

ಏಪ್ರಿಲ್ ನಡುವಿನ 'ಪೀ ಮೈ' ಅವರ ಹೊಸ ವರ್ಷ. ಸೂರ್ಯ ಮೇಷಕ್ಕೆ ಬರುವ ಸಂಕ್ರಾಂತಿಯೇ ಅದು. ಅವರ ಬಾಯಲ್ಲಿ 'ಸಾಂಗ್‌ಖಾನ್'. ತುಳುನಾಡಿನ ಬಿಸುವೂ ಇದೇ ದಿನಗಳಲ್ಲಿ. ಊರಿಗೆ ಹೆಸರು ಕೊಟ್ಟ 83 ಸೆಂಟಿಮೀಟರ್ ಎತ್ತರದ ಫ್ರಾ ಬಾಂಗ್ ಬುದ್ಧನನ್ನು ಅರಮನೆಯಿಂದ ವಾಟ್ ಮೈಗೆ ಮೆರವಣಿಗೆಯಲ್ಲಿ ತಂದು, ಜನ ಪರಿಮಳದ ನೀರಿನಿಂದ ಅಭಿಷೇಕ ಮಾಡುತ್ತಾರೆ. ಮೂರು ಬೆಳಗಿನ ಮೌನ ಬಯಸುವವರು ಮಾತ್ರ ಆ ವಾರ ಹೋಗಬೇಡಿ, ಬೀದಿಯೆಲ್ಲ ನೀರೆರಚಾಟ.

ಚಾತುರ್ಮಾಸದಂತಹ ಮಳೆಗಾಲದ ವ್ರತ ಆಷಾಢ ಹುಣ್ಣಿಮೆಯ ಹೊತ್ತಿಗೆ ಆರಂಭವಾಗಿ ಅಕ್ಟೋಬರಿನಲ್ಲಿ ಮುಗಿಯುತ್ತದೆ. ಮುಗಿಯುವ ಹುಣ್ಣಿಮೆಗೆ ದೀಪದ ದೋಣಿಗಳನ್ನು ಮೆಕಾಂಗ್‌ಗೆ ಬಿಡುತ್ತಾರೆ. ನನ್ನನ್ನು ಕೇಳಿದರೆ ಹೇಳುವುದು ಇವೆರಡರ ನಡುವಿನ 'ಖಾವ್ ಪದಪ್ ದಿನ್', ನಮ್ಮ ಮಹಾಲಯ ಅಮಾವಾಸ್ಯೆಗೆ ಸುಮಾರು ಒಂದು ತಿಂಗಳು ಮೊದಲಿನ ಅಮಾವಾಸ್ಯೆ. ಅಂದು ಕತ್ತಲಿರುವಾಗಲೇ ಜನ ತೀರಿಕೊಂಡವರಿಗಾಗಿ ಬಾಳೆಲೆಯ ಪೊಟ್ಟಣಗಳಲ್ಲಿ ಅನ್ನ, ಹಣ್ಣು, ಸಿಹಿ ಕಟ್ಟಿ ವಾಟ್‌ಗಳ ಅಂಗಳದಲ್ಲಿ, ಮರದ ಬುಡದಲ್ಲಿ ನೆಲದ ಮೇಲೆ ಇಟ್ಟು ಬರುತ್ತಾರೆ. ಬೆಳಗಾದ ಮೇಲೆ ತಾಕ್ ಬಾತ್, ಹಗಲಿಗೆ ನಾಮ್ ಖಾನ್‌ನಲ್ಲಿ ದೋಣಿ ಸ್ಪರ್ಧೆ. ಮಳೆ ಬರುತ್ತಿರುತ್ತದೆ, ಕೊಡೆ ಬೇಕು. ನಸುಕಿನಲ್ಲಿ ನಡೆಯುವಾಗ ಟಾರ್ಚಿನ ಬೆಳಕನ್ನು ನೆಲಕ್ಕೇ ಹಿಡಿಯಿರಿ. ಯಾರೋ ತಮ್ಮವರಿಗೆಂದು ಇಟ್ಟ ಪೊಟ್ಟಣ ಕಾಲಿಗೆ ಸಿಗಬಾರದು.